ದ್ವೀಪದ ಟಗರು ಮತ್ತು ನನ್ನ ಲಗ್ನ

ಮನುಷ್ಯ ತನ್ನ ಬಗ್ಗೆ ತಾನೇ ಬರೆದುಕೊಳ್ಳುವಾಗ ಎಚ್ಚರವಾಗಿರಬೇಕು. ಸುಳ್ಳು ಬರೆದರೆ ಹೇಗೋ ದಕ್ಕಿಸಿಕೊಳ್ಳಬಹುದು. ನಿಜ ಬರೆದರೆ ಜನ ಓದಿಬಿಡುತ್ತಾರೆ. ನಾನು ಕಂಪ್ಯೂಟರ್ ವಿಜ್ಞಾನದ ಸಂಶೋಧಕ. ಕಂಪ್ಯೂಟರ್ ಯಾವುದನ್ನು ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಮರೆಯಬೇಕು ಎನ್ನುವುದು ನನ್ನ ವಿಷಯ. ಅವ್ವನಿಗೆ ವಿವರಿಸಿದಾಗ, “ಮರಿಯಾಕೂ ಇಷ್ಟ ಸಾಲಿ ಕಲೀಬೇಕೇನೋ? ನಿನಗ ಹುಟ್ಟಿನಿಂದನ ಬರತೈತಲ್ಲ” ಎಂದಿದ್ದಳು.

ಗಜೇಂದ್ರಗಡದ ನಮ್ಮ ಕಾಲೇಜಿನವರು ಪ್ರತಿಯೊಬ್ಬರೂ ಅಂತರ್ಜಾಲದಲ್ಲಿ ಒಂದು ಪುಟ ಮಾಡಿಕೊಳ್ಳಬೇಕೆಂದರು. ಸಂಶೋಧನೆಯ ಭಾಗವನ್ನು ಗಂಭೀರವಾಗಿ ಬರೆದೆ. ಅದನ್ನು ಇಂದಿಗೂ ಯಾರೂ ಓದಿಲ್ಲ. ಕೊನೆಯಲ್ಲಿ ‘ಆಸಕ್ತಿಗಳು’ ಎಂಬ ಜಾಗವಿತ್ತು. ಪಕ್ಕದ ಮೇಜಿನವರು ಈಜು, ಚಾರಣ ಎಂದು ತುಂಬಿದ್ದರು. ಆ ಪುಣ್ಯಾತ್ಮರಿಗೆ ಕಾಲೇಜಿನ ಮೆಟ್ಟಿಲು ಹತ್ತುವಾಗಲೇ ಏದುಸಿರು. ನಾನು ಪ್ರಾಮಾಣಿಕವಾಗಿ ‘ಮಂಡಕ್ಕಿಯ ಗಿರಮಿಟ್ಟು, ಮಧ್ಯಾಹ್ನದ ನಿದ್ದೆ’ ಎಂದು ಬರೆದೆ. ಮೆಚ್ಚಿನ ಓದು? ಉತ್ತರದ ಒಂದು ಚಳಿ ದ್ವೀಪದಲ್ಲಿರುವ ಮುದುಕ ತನ್ನ ಕರಿ ಟಗರಿನ ಬಗ್ಗೆ ದಿನಾ ಬರೆಯುವ ಪುಟ. ಟಗರಿಗೆ ಮುದುಕನ ಮೇಲೆ ಏನೋ ಸಿಟ್ಟು. ಹಟ್ಟಿಯೊಳಗೆ ಬರುವುದಿಲ್ಲ, ಗುಡ್ಡದ ಮೇಲೆ ನಿಂತು ನೋಡುತ್ತದೆ. ಇದನ್ನು ನಾನು ವರ್ಷಗಟ್ಟಲೆ, ಕೆಳಗೆ ಒಂದಕ್ಷರವೂ ಬರೆಯದೆ, ಓದುತ್ತಿದ್ದೇನೆ. ಯಾಕೆಂದು ಕೇಳಬೇಡಿ.

ನನ್ನ ಮದುವೆಯೂ ಹಾಗೇ ಗುಡ್ಡ ಹತ್ತಿ ನಿಂತಿತ್ತು. ಅಷ್ಟರಲ್ಲಿ ನರಗುಂದದ ಸಂಬಂಧ ಬಂತು. ಹುಡುಗಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, “ಗಿರಮಿಟ್ಟು ಅಲ್ಲರಿ, ಇವತ್ತ ಇಷ್ಟರಾಗ ಸುಧಾರಿಸ್ರಿ” ಎಂದಳು. ಮನೆಮಂದಿಯೆಲ್ಲ ನನ್ನ ಪುಟ ಓದಿದ್ದಾರೆಂದು ಆಗಲೇ ತಿಳಿಯಬೇಕಿತ್ತು. ನಾನು ಆಕೆಯ ನಗು ನೋಡುತ್ತ ಕೂತಿದ್ದೆ. ಮದುವೆಯಾದರೆ ಈಕೆಯನ್ನೇ ಎಂದು ರೋಣದ ತನಕ ಬಸ್ಸಿನಲ್ಲಿ ಅವ್ವನ ತಲೆ ತಿಂದೆ.

ಮುಂದಿನ ವಾರ ಹುಡುಗಿಯ ತಂದೆ, ಸೋದರಮಾವ ನಮ್ಮ ಮನೆ ನೋಡಲು ಬಂದರು. ತಂದೆ ಕಾಳಿನ ವ್ಯಾಪಾರಿ. ಮನೆಯನ್ನು ಕಣ್ಣೆತ್ತಿಯೂ ನೋಡದೆ, “ತಮ್ಮಾರ, ಆ ಟಗರು ಬಂತೇನ್ರಿ?” ಎಂದರು.

ಅವ್ವ ಗಾಬರಿಯಾದಳು. “ನಮ್ಮ ಮನ್ಯಾಗ ಟಗರೆಲ್ಲಿ ಐತ್ರಿ ಅಣ್ಣಾರ?”

“ನಿಮ್ಮದಲ್ರಿ ಅಕ್ಕಾರ, ದ್ವೀಪದ್ದು. ಮುದುಕಪ್ಪ ನಿನ್ನಿಯಿಂದ ಏನೂ ಬರದಿಲ್ಲ. ನನಗ ಊಟ ಸೇರವಲ್ದು.”

“ಮುದುಕಂದ ತಪ್ಪೈತಿ,” ಎಂದರು ಸೋದರಮಾವ. “ಮುಂದ ನಿಂತು ಕರದ್ರ ಬರತೈತೇನು? ಹಿಂದಿಂದ ಹೊಡೀಬೇಕು.”

“ನೀ ಸುಮ್ನಿರೋ. ಬಾಗಲಾ ತಗದಿಟ್ಟು ಮಕ್ಕೊಂಡ್ರ ತಾನ ಬರತೈತಿ,” ಎಂದು ತಂದೆ ಗದರಿದರು.

ವರನ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಮೊದಲಾದರೆ ಚಹಾದಂಗಡಿಯಲ್ಲಿ ಕೇಳುತ್ತಿದ್ದರು. ಈ ಹಿರಿಯರು ನನ್ನ ಪುಟದಲ್ಲಿ ಸಿಕ್ಕ ಒಬ್ಬನೇ ಪರಿಚಿತನಿಗೆ, ಮೊಬೈಲಿನಲ್ಲಿ ಅನುವಾದ ಮಾಡಿಸಿ, ಹುಡುಗ ಹೇಗೆ, ಕುಡಿತ ಗಿಡಿತ ಇದೆಯೇ ಎಂದು ಬರೆದು ಕೇಳಿದ್ದರು! ಮುದುಕ ಉತ್ತರವನ್ನೂ ಕೊಟ್ಟಿದ್ದ: ನನ್ನ ಪುಟದ ಲೆಕ್ಕದಲ್ಲಿ ನಿಮ್ಮ ಕಡೆಯಿಂದ ಒಬ್ಬ ದಿನಾ ಬಂದು ಓದಿ ಹೋಗುತ್ತಾನೆ, ಈವರೆಗೆ ಒಂದು ಸಲಹೆಯನ್ನೂ ಕೊಟ್ಟಿಲ್ಲ.

“ಇದಕ್ಕಿಂತ ಚಲೋ ಅಳಿಯಾ ಎಲ್ಲಿ ಸಿಗತಾನ್ರಿ?” ಎಂದರು ತಂದೆ. ನನ್ನ ಜೀವ ಹೂವಾಯಿತು. “ಆದರ ಟಗರು ಹಟ್ಟಿ ಸೇರೂತನಕ ನಿಶ್ಚಯ ಬ್ಯಾಡ್ರಿ. ತಲ್ಯಾಗ ಅದನ್ನ ಇಟಗೊಂಡು ಶುಭಕಾರ್ಯ ಹ್ಯಾಂಗ ಮಾಡೂದು?”

ಅವ್ವ ಟಗರಿನ ಹೆಸರಿನಲ್ಲಿ ದೀಪ ಹಚ್ಚತೊಡಗಿದಳು. ‘ಮಹಾರಾಯರೇ, ಬಾಗಿಲು ತೆರೆದು ಮಲಗಿಬಿಡಿ’ ಎಂದು ಬರೆಯಲು ನನ್ನ ಕೈ ತುರಿಸುತ್ತಿತ್ತು. ಬರೆದರೆ, ಸಲಹೆ ಕೊಡದ ಹುಡುಗ ಎಂಬ ನನ್ನ ಏಕೈಕ ಯೋಗ್ಯತೆಯೂ ಹೋಗುತ್ತಿತ್ತು. ಪುಟ ಮುಚ್ಚಿ ಅವ್ವನ ದೀಪಕ್ಕೆ ಎಣ್ಣೆ ಹಾಕಿದೆ.

ಕೊನೆಗೊಂದು ಮುಂಜಾನೆ ಮುದುಕ ಬರೆದ: ನರಗುಂದದ ಹಿರಿಯರು ಹೇಳಿಕಳಿಸಿದಂತೆ ಬಾಗಿಲು ತೆರೆದಿಟ್ಟು ಮಲಗಿದೆ, ಟಗರು ಒಳಗಿದೆ. ಅದೇ ವಾರ ನಿಶ್ಚಯವಾಯಿತು.

ಆದರೆ ಮುದುಕನಿಗೆ ಬರೆಯಲು ವಿಷಯ ಇಲ್ಲದಾಯಿತು. ಪಾಪ ಅನಿಸಿ ನಮ್ಮ ಭಾವೀ ಮಾವನವರು ಅವನಿಗೆ ನನ್ನ ಸುದ್ದಿ ಕಳಿಸತೊಡಗಿದ್ದಾರೆ. ಮುದುಕನ ಇಂದಿನ ಪುಟ: ಅಳಿಯ ಲಗ್ನದ ಬಟ್ಟೆ ತರಲು ಇವತ್ತೂ ನರಗುಂದಕ್ಕೆ ಬರಲಿಲ್ಲ, ಮಧ್ಯಾಹ್ನ ಮಲಗಿದ್ದನಂತೆ. ಕೆಳಗೆ ಸೋದರಮಾವ, ಹಿಂದಿನಿಂದ ಹೊಡೆಯಬೇಕು ಎಂದು ಬರೆದಿದ್ದಾರೆ. ಅದರ ಕೆಳಗೆ ನನ್ನ ಹುಡುಗಿಯದು ಒಂದೇ ಸಾಲು: “ಬಾಗಲಾ ತಗದೈತಿ.”

ಎಂದಿನಂತೆ ಓದಿದೆ, ಏನೂ ಬರೆಯಲಿಲ್ಲ. ಅಂಗಿ ತೊಟ್ಟು ನರಗುಂದದ ಬಸ್ಸಿಗೆ ಹೊರಟೆ.