ಗ್ಯಾರೇಜಿನಲ್ಲಿ ತಲೆಕೆಳಗಾಗಿ ತೂಗಿದ ಪುಂಡಿಪಲ್ಯ

ತೋಟಗಾರಿಕೆಯಲ್ಲಿ ನನಗೆ ಗುರುಗಳಿಲ್ಲ. ಯೂಟ್ಯೂಬ್ ಇದೆ. ಊಟ ಮಾಡುತ್ತ ಒಂದು, ಮಲಗುವ ಮುಂಚೆ ಎರಡು ವಿಡಿಯೋ ನೋಡಿ ನೋಡಿ, ಒಂದು ಗಿಡವನ್ನೂ ನೆಡದೆ ನಾನು ಕೃಷಿ ಪಂಡಿತನಾಗಿದ್ದೆ. ಗೊಬ್ಬರದ ಬಗ್ಗೆ, ಯಾರಾದರೂ ಕೇಳಲು ಸಿಕ್ಕರೆ, ಅರ್ಧ ಗಂಟೆ ನಿಲ್ಲಿಸದೆ ಮಾತಾಡಬಲ್ಲೆ ಎಂಬ ವಿಶ್ವಾಸವಿತ್ತು. ಕೇಳುವವರು ಸಿಗಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಮೊದಲು ನಾನು ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿದ್ದೆ. ಹುಬ್ಬಳ್ಳಿ-ಧಾರವಾಡದ ಹುಡುಗರೆಲ್ಲ ಸೇರಿ ಒಂದೇ ಫ್ಲ್ಯಾಟು. ಬಾತ್‌ರೂಮಿಗೂ ಪಾಳಿ. ಒಬ್ಬನೇ ಇರುವ ಭಾಗ್ಯ ಎಂದು ಬಂದೀತೋ ಎಂದು ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತು ಕನಸು ಕಾಣುತ್ತಿದ್ದೆ. ಆ ಭಾಗ್ಯ ಬಂದೇಬಿಟ್ಟಿತು. ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ನಮ್ಮ ದೊಡ್ಡಪ್ಪನ ಮಗಳು ಸುಜಾತಕ್ಕ ತಾನು ಸಿಡ್ನಿಯಲ್ಲಿದ್ದುಕೊಂಡೇ ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಹೊಸ ಮನೆ ಕೊಂಡಿದ್ದಳು.

"ಮನಿ ಖಾಲಿ ಬಿದ್ದೈತಿ ಪಮ್ಯಾ. ನೀನ ಇರು. ಹಿತ್ತಲದಾಗ ಹುಲ್ಲು ಬೆಳೀದಂಗ ನೋಡ್ಕೋ, ಸಾಕು" ಎಂದಳು.

ನಾಲ್ಕು ಬೆಡ್‌ರೂಮಿನ ಮನೆ. ಆರು ಕುರ್ಚಿಯ ಡೈನಿಂಗ್ ಟೇಬಲ್. ಕುರ್ಚಿಗಳ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು. ನಾನು ಕೂರುವ ಒಂದರದ್ದು ಮಾತ್ರ ಬಿಚ್ಚಿದೆ. ಉಳಿದವನ್ನು ಬಿಚ್ಚಲು ಕಾರಣ ಸಿಗಲಿಲ್ಲ.

ನನ್ನದು ಮನೆಯಿಂದಲೇ ಮಾಡುವ ಕಂಪ್ಯೂಟರ್ ಸಪೋರ್ಟ್ ಕೆಲಸ. ದಿನವಿಡೀ ನಾನು ಕೇಳಿಸಿಕೊಳ್ಳುತ್ತಿದ್ದ ಅತ್ಯಂತ ಆತ್ಮೀಯ ಮಾತು ಎಂದರೆ "ಪಾಸ್‌ವರ್ಡ್ ಮರೆತಿದ್ದೇನೆ." ಬೀದಿಯಲ್ಲಿ ನಮ್ಮ ದೇಶದ ಕಡೆಯವರೇ ತುಂಬಿದ್ದರು. ಆದರೆ ಅವರು ನನಗೆ ಕಂಡದ್ದು ಕಾರಿನ ರೂಪದಲ್ಲಿ. ಕಾರು ಬರುತ್ತದೆ, ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ, ಕಾರನ್ನು ನುಂಗಿ ಮುಚ್ಚಿಕೊಳ್ಳುತ್ತದೆ. ಮನುಷ್ಯರು ಹೊರಗೆ ಬರುವುದು ಕಸದ ಬಿನ್ ಎಳೆದು ತರುವ ಸಂಜೆ ಮಾತ್ರ. ನಾನು ಆ ಸಂಜೆಗಾಗಿ ತಲೆ ಬಾಚಿಕೊಂಡು ಕಾಯುತ್ತಿದ್ದೆ. ಕೈ ಎತ್ತಿದರೆ ಅವರೂ ಎತ್ತುತ್ತಿದ್ದರು. ಅಲ್ಲಿಗೆ ಮುಗಿಯಿತು.

ಹೀಗಿರಲು ನನ್ನಲ್ಲಿ ಒಂದು ಮಹತ್ತರ ಯೋಜನೆ ಉದಯಿಸಿತು. ಹಿತ್ತಲಲ್ಲಿ ನಮ್ಮ ಕಡೆಯ ಹುಳಿಸೊಪ್ಪು ಪುಂಡಿಪಲ್ಯ ಬೆಳೆಯುವುದು. ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಜೋಳದ ರೊಟ್ಟಿ ಜೊತೆ ಯಾರಿಗಾದರೂ ಬಡಿಸುವುದು. ಅಷ್ಟರಲ್ಲಿ ಇನ್ನೊಂದು ಕುರ್ಚಿಯ ಪ್ಲಾಸ್ಟಿಕ್ಕಾದರೂ ಬಿಚ್ಚಬೇಕು. ಯಾರು ಬರುತ್ತಾರೆ ಎಂಬ ಸಣ್ಣ ವಿಷಯವನ್ನು ಆಮೇಲೆ ನೋಡಿಕೊಂಡರಾಯಿತು.

ಇಂಡಿಯನ್ ಅಂಗಡಿಯಲ್ಲಿ ಬೀಜ ಸಿಕ್ಕಿತು. ಇಲ್ಲಿ ಡಿಸೆಂಬರಿಗೆ ಬರುವ ಬೇಸಿಗೆಯ ಬಿಸಿಲಿಗೆ ಗಿಡಗಳು ಹುಚ್ಚೆದ್ದು ಬೆಳೆದವು. ನನ್ನ ಸೊಂಟ ದಾಟಿದವು, ಭುಜ ದಾಟಿದವು, ಕೊನೆಗೆ ಮರದ ಬೇಲಿಯನ್ನೂ ದಾಟಿ ಪಕ್ಕದ ಮನೆಯವರ ಹಿತ್ತಲಿಗೆ ಇಣುಕಿದವು.

ಈಗ ಓದುಗರಿಗೆ ಒಂದು ವಿಷಯ ಹೇಳಿಬಿಡಬೇಕು. ಎತ್ತರಕ್ಕೆ ಬೆಳೆದ ಪುಂಡಿಯ ಎಲೆ ಬೆರಳು ಅಗಲಿಸಿದ ಅಂಗೈಯ ಹಾಗಿರುತ್ತದೆ, ಅಂಚಿನಲ್ಲಿ ಗರಗಸದ ಹಲ್ಲು. ಗಾಂಜಾ ಎಲೆಯೂ ಹಾಗೇ ಇರುತ್ತದೆ. ಇದು ಲೋಕಕ್ಕೆಲ್ಲ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದ ಕೃಷಿ ವಿಡಿಯೋಗಳೆಲ್ಲ ಸಭ್ಯವಾದವು.

ಪಕ್ಕದ ಮನೆಯ ಡ್ಯಾರೆಲ್ ಒಬ್ಬರೇ ಇರುವ ಹಿರಿಯರು. ಲಾರಿ ಓಡಿಸಿ ರಿಟೈರ್ ಆದವರು. ಮೊಣಕಾಲು ನೋವು, ಕೈಯಲ್ಲಿ ಕೋಲು, ಕಣ್ಣಿಗೆ ಪೊರೆ. ಅಲ್ಲಿಯವರೆಗೆ ನನಗೆ ಅವರು ಕೊಟ್ಟದ್ದು ಒಂದು ತಲೆಯಾಡಿಕೆ ಮಾತ್ರ. ಒಂದು ಶನಿವಾರ ಬೇಲಿಯ ಮೇಲೆ ಅವರ ಬಿಳಿ ತಲೆ ಮೂಡಿತು. ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ಇಳಿಸಿ ಹೇಳುತ್ತೇನೆ; 'ಗೆಳೆಯಾ' ಎನ್ನುವ ಅವರ 'ಮೇಟ್' ಮಾತ್ರ ಹಾಗೇ ಇರಲಿ.

"ಚೆನ್ನಾಗಿ ಬೆಳೆಸಿದ್ದೀಯ ಮೇಟ್."

ಆರು ತಿಂಗಳಲ್ಲಿ ಪಾಸ್‌ವರ್ಡಿಗೆ ಸಂಬಂಧಿಸದೆ ಒಬ್ಬ ಮನುಷ್ಯ ನನ್ನೊಡನೆ ಆಡಿದ ಮೊದಲ ಮಾತು. ನಾನು ನೀರಿನ ಪೈಪನ್ನು ಕಾಲ ಮೇಲೇ ಬಿಟ್ಟು ಬೇಲಿಯತ್ತ ಓಡಿದೆ. ಬೂಟಿನೊಳಗೆ ಒಂದು ಹೂಜಿಯಷ್ಟು ನೀರು ತುಂಬಿತು.

"ಮಾರೋಕಾ, ಸ್ವಂತಕ್ಕಾ?" ಡ್ಯಾರೆಲ್ ದನಿ ಇಳಿಸಿ ಕೇಳಿದರು.

"ಸ್ವಂತಕ್ಕೇ. ನನಗೆ ವಾರಕ್ಕೆ ಎರಡು ಸಲವಾದರೂ ಬೇಕು. ಚಿಕ್ಕಂದಿನಿಂದ ಅಭ್ಯಾಸ."

"ಚಿಕ್ಕಂದಿನಿಂದ?"

"ಮನೇಲಿ ಎಲ್ಲರಿಗೂ ಇಷ್ಟ. ನಮ್ಮಜ್ಜಿಗಂತೂ ಇದಿಲ್ಲದಿದ್ದರೆ ಊಟವೇ ಸೇರೋದಿಲ್ಲ. ನನಗೆ ಕಲಿಸಿದ್ದೇ ಅಜ್ಜಿ."

ಡ್ಯಾರೆಲ್ ಸ್ವಲ್ಪ ಹೊತ್ತು ಬೇಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅಜ್ಜಿ ಹೇಗೆ ತಗೋತಾರೆ?"

"ಬೇಳೆ ಜೊತೆ ಕುದಿಸಿ."

"ಓ, ತಿನ್ನೋದು. ಅದು ನಿಧಾನವಾಗಿ ಹಿಡಿಯುತ್ತೆ. ಹುಷಾರು."

"ಹೌದು, ಮೂರು ರೊಟ್ಟಿ ಆದಮೇಲೆ ಕಣ್ಣು ತೆರೆಯೋಕೇ ಆಗಲ್ಲ" ಎಂದೆ.

ಡ್ಯಾರೆಲ್ ಗೌರವದಿಂದ ತಲೆಯಾಡಿಸಿದರು. ನಮ್ಮ ಸಂಸ್ಕೃತಿಯ ಬಗ್ಗೆ ವಿದೇಶದಲ್ಲಿ ಇಷ್ಟು ಗೌರವವಿದೆಯೆಂದು ನನಗೆ ಹೆಮ್ಮೆಯಾಯಿತು.

ಅಂದಿನಿಂದ ಬೇಲಿಯ ಬಳಿ ನಮ್ಮ ಸಂಜೆಯ ಸಭೆ ಆರಂಭವಾಯಿತು. ಒಂದೇ ಷರತ್ತು. "ನಾನು ಬೇಲಿ ದಾಟಿ ಬರಲ್ಲ, ಹತ್ತಿರದಿಂದ ನೋಡಲ್ಲ, ನನಗೇನೂ ಗೊತ್ತಿಲ್ಲ. ಸರಿನಾ?" ಎಂದು ಅವರು ಮೊದಲೇ ಹೇಳಿದ್ದರು. ಇಲ್ಲಿಯವರು ಇನ್ನೊಬ್ಬರ ತರಕಾರಿಗೂ ಎಷ್ಟು ಪ್ರೈವೆಸಿ ಕೊಡುತ್ತಾರೆ ಎಂದು ನಾನು ಬೆರಗಾದೆ.

ಡ್ಯಾರೆಲ್‌ಗೆ ಈ ಬೆಳೆಯ ಬಗ್ಗೆ ಅಪಾರ ಜ್ಞಾನ. ಹರೆಯದಲ್ಲಿ ಟೊಮೇಟೊ ಸಾಲಿನ ನಡುವೆ ತಾವೂ ಬೆಳೆದಿದ್ದರಂತೆ. ಈಗಲೇ ಕೊಯ್ಯಬೇಡ, ಮೊಗ್ಗು ಬರುವ ತನಕ ಕಾಯಿ ಎಂದರು. ಎಲೆಗೆ ಬೆಲೆಯಿಲ್ಲ, ಎಲ್ಲಾ ಇರುವುದು ಮೊಗ್ಗಿನಲ್ಲೇ ಎಂದರು. ಗಿಡಗಳು ಹೆಣ್ಣೋ ಗಂಡೋ ಎಂದು ವಿಚಾರಿಸಿದರು.

"ಗೊತ್ತಿಲ್ಲ" ಎಂದೆ.

"ಗಂಡು ಕಂಡರೆ ಕಿತ್ತು ಬಿಸಾಕು. ಎಲ್ಲಾ ಹಾಳುಮಾಡ್ತಾವೆ."

ಒಬ್ಬ ಗಂಡಸಿನ ಬಾಯಲ್ಲಿ ಈ ಮಾತು ಕೇಳಿ ಸ್ವಲ್ಪ ಬೇಜಾರಾಯಿತು. ಆದರೂ ತಲೆಯಾಡಿಸಿದೆ. ಸಂಬಂಧ ಮುಖ್ಯ.

"ವಾಸನೆ ಹೇಗಿದೆ?"

"ವಾಸನೆ ಇಲ್ಲ. ಹುಳಿ ಇದೆ. ಕಾಂಡ ಮುಟ್ಟಿದರೆ ಮುಳ್ಳು ಚುಚ್ಚುತ್ತೆ."

"ವಾಸನೇನೇ ಬರದ ತಳಿ" ಎಂದು ಡ್ಯಾರೆಲ್ ಆಕಾಶ ನೋಡಿದರು. "ನೀವು ಭಾರತದವರು ಎಲ್ಲಿಗೆ ಹೋಗಿ ಮುಟ್ಟಿದ್ದೀರಿ ಮೇಟ್."

ಅತ್ತ ಧಾರವಾಡದಿಂದ ಅವ್ವ ಫೋನಿನಲ್ಲಿ ಗಿಡ ನೋಡಿ ಗಾಬರಿಯಾದಳು. "ಎಳೀದಿದ್ದಾಗ ಚಿವುಟಬೇಕಿತ್ತಲ್ಲೋ! ಬಲಿತು ಕಟಗಿ ಆಗಾಕತ್ತೈತಿ ನೋಡು."

"ಇಲ್ಲ ಬೇ ಅವ್ವಾ, ಇಲ್ಲಿ ಪದ್ಧತಿನ ಬ್ಯಾರೆ. ಮೊಗ್ಗು ಬರೂತನಾ ಕಾಯಬೇಕಂತ."

"ಯಾರು ಹೇಳಿದ್ರು?"

"ಬಾಜೂ ಮನಿ ಅಂಕಲ್."

"ಆ ಅಂಕಲ್ ಪುಂಡಿಪಲ್ಯೆ ತಿಂತಾನೇನು?"

ಈ ಪ್ರಶ್ನೆಯ ಮೇಲೆ ಒಂದು ನಿಮಿಷ ಯೋಚಿಸಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಅವ್ವನ ಮಾತೇ ಸರಿಯೆಂದು ನನಗೂ ಒಳಗೊಳಗೇ ಗೊತ್ತಿತ್ತು. ಎಳೆ ಸೊಪ್ಪನ್ನು ಅಂದೇ ಚಿವುಟಿ ಬೇಯಿಸಿದ್ದರೆ ಬೆಳೆ ಮುಗಿಯುತ್ತಿತ್ತು. ಬೆಳೆ ಮುಗಿದರೆ ಸಂಜೆ ಬೇಲಿಯ ಮೇಲೆ ತಲೆ ಮೂಡುತ್ತಿರಲಿಲ್ಲ.

ಮಾರ್ಚಿನಲ್ಲಿ ಮೊಗ್ಗು ಕಂಡವು. ಡ್ಯಾರೆಲ್ ಮುಂದಿನ ಆಜ್ಞೆ ಹೊರಡಿಸಿದರು. "ದೊಡ್ಡ ಎಲೆಗಳನ್ನೆಲ್ಲ ತೆಗೆದುಬಿಡು. ಬಿಸಾಕಬೇಡ, ಒಂದು ಚೀಲದಲ್ಲಿ ಹಾಕಿ ಬೇಲಿಯ ಮೇಲಿಂದ ಕೊಡು. ಬೆಣ್ಣೆಯಲ್ಲಿ ಕಾಯಿಸಿ ಮೊಣಕಾಲಿಗೆ ನೋಡ್ತೀನಿ."

"ಹಚ್ಚೋಕಾ?"

"ಟೋಸ್ಟ್ ಮೇಲೆ ಸವರಿ ತಿನ್ನೋಕೆ."

ಪುಂಡಿಪಲ್ಯಕ್ಕೆ ಬೆಣ್ಣೆಯ ಒಗ್ಗರಣೆ! ಎರಡು ಸಂಸ್ಕೃತಿಗಳ ಈ ಅಪೂರ್ವ ಮಿಲನಕ್ಕೆ ನಾನು ಚೀಲಗಟ್ಟಲೆ ಎಲೆ ಕಿತ್ತುಕೊಟ್ಟೆ. ಯಾವುದಕ್ಕಾಗಿ ಗಿಡ ನೆಟ್ಟೆನೋ ಅದನ್ನೆಲ್ಲ ಕೊಟ್ಟು, ತುದಿಯ ನಾಲ್ಕು ಎಲೆ ಬಿಟ್ಟು, ದಂಟುಗಳನ್ನು ಜೋಪಾನವಾಗಿ ಇಟ್ಟುಕೊಂಡವನು ಇಡೀ ಕನ್ನಡನಾಡಿನಲ್ಲಿ ನಾನೊಬ್ಬನೇ ಇರಬೇಕು.

ಮರುವಾರ ಡ್ಯಾರೆಲ್ ಬೇಲಿಯ ಬಳಿ ಬಂದ ನಡಿಗೆಯೇ ಬೇರೆಯಾಗಿತ್ತು. "ಸ್ವಲ್ಪ ಹುಳಿ, ಆದರೆ ಭಯಂಕರ ಸ್ಟ್ರಾಂಗ್ ಮೇಟ್. ಒಂದೇ ಟೋಸ್ಟು. ಕುರ್ಚಿಯಲ್ಲಿ ತೇಲಿದ ಹಾಗಾಯ್ತು. ಬೆಳಗಿನ ತನಕ ನಿದ್ದೆ. ನೋಡು" ಎಂದು ಮೊಣಕಾಲು ಮಡಚಿ, ನೀಡಿ, ಮತ್ತೆ ಮಡಚಿ ತೋರಿಸಿದರು. "ನೋವೇ ಇಲ್ಲ."

ನನಗೆ ಕಣ್ಣು ತುಂಬಿ ಬಂತು. ಸೊಪ್ಪಿನಲ್ಲಿ ಕಬ್ಬಿಣಾಂಶವಿದೆ ಎಂದು ವಿಡಿಯೋಗಳಲ್ಲಿ ಹೇಳಿದ್ದು ಸುಳ್ಳಲ್ಲ.

ನಂತರ ಒಣಗಿಸುವ ಘಟ್ಟ. ಬಿಸಿಲಿಗೆ ಇಡಬಾರದಂತೆ. ಗಿಡವನ್ನು ಬುಡದಲ್ಲಿ ಕತ್ತರಿಸಿ, ಕತ್ತಲಲ್ಲಿ, ತಲೆಕೆಳಗಾಗಿ, ಗಾಳಿಯಾಡುವ ಹಾಗೆ ತೂಗುಹಾಕಬೇಕಂತೆ. ಕಸೂರಿ ಮೇಥಿ ಇರುವ ಹಾಗೆ ಇದು ಕಸೂರಿ ಪುಂಡಿ ಇರಬೇಕು ಎಂದುಕೊಂಡೆ. ಕಾರನ್ನು ರಸ್ತೆಗೆ ಹಾಕಿದೆ. ಗ್ಯಾರೇಜಿನ ಕಿಟಕಿಗೆ ಬೆಡ್‌ಶೀಟ್ ಕಟ್ಟಿದೆ. ಹಗ್ಗ ಎಳೆದು ಗಿಡಗಳನ್ನು ಕಾಲು ಮೇಲಾಗಿ ನೇತುಹಾಕಿ, ಫ್ಯಾನ್ ಹಚ್ಚಿ, ದಿನಾ ಹೋಗಿ ಮಾತಾಡಿಸಿಕೊಂಡು ಬರುತ್ತಿದ್ದೆ. ನನ್ನ ಗೊಬ್ಬರದ ಭಾಷಣವನ್ನು ಅವು ಪೂರ್ತಿ ಕೇಳಿದವು.

ಒಣಗಿದವು ಎನಿಸಿದಾಗ ಧೈರ್ಯ ಮಾಡಿ ಬೇಲಿಯ ಬಳಿ ಕೇಳಿದೆ. "ಶನಿವಾರ ಊಟಕ್ಕೆ ಬರ್ತೀರಾ? ಇದನ್ನೇ ಮಾಡ್ತೀನಿ. ನಮ್ಮಜ್ಜಿ ಮಾಡೋ ಹಾಗೆ."

ಡ್ಯಾರೆಲ್ ಬೇಲಿಯ ಮೇಲೆ ಎರಡೂ ಕೈ ಊರಿದರು. "ನನ್ನನ್ನ ಯಾರೂ ಊಟಕ್ಕೆ ಕರೆದು ಎಷ್ಟೋ ಕಾಲ ಆಯ್ತು" ಎಂದರು. "ಬರ್ತೀನಿ. ಬೇಲಿ ದಾಟಿಯೇ ಬರ್ತೀನಿ."

ಅದೇ ವಾರ ಸುಜಾತಕ್ಕನ ಫೋನು. ಮನೆ ನೋಡಿಹೋಗಲು ಶನಿವಾರ ಬರುತ್ತಿದ್ದಾಳೆ. ಒಂದೇ ದಿನ ಇಬ್ಬರು ಅತಿಥಿಗಳು! ಶುಕ್ರವಾರ ನಾನು ಐದೂ ಕುರ್ಚಿಗಳ ಪ್ಲಾಸ್ಟಿಕ್ಕನ್ನು ಪರಪರ ಹರಿದುಹಾಕಿದೆ. ಎರಡು ಸಾಕಾಗಿತ್ತು. ಉತ್ಸಾಹ ತಡೆಯಲಾಗಲಿಲ್ಲ.

ಶನಿವಾರ ಅಕ್ಕ ಟ್ಯಾಕ್ಸಿ ಇಳಿಯುವುದಕ್ಕೂ ಡ್ಯಾರೆಲ್ ಬರುವುದಕ್ಕೂ ಸರಿಹೋಯಿತು. ಡ್ಯಾರೆಲ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕೈಯಲ್ಲಿ ವೈನ್ ಬಾಟಲಿ. ಬಾಚಿದ ತಲೆ ಇನ್ನೂ ಒದ್ದೆಯಾಗಿತ್ತು. ಕೋಲಿಲ್ಲದೆ ನೆಟ್ಟಗೆ ನಡೆದು ಬಂದರು. ನಾನು ಇಬ್ಬರಿಗೂ ಪರಸ್ಪರ ಪರಿಚಯ ಮಾಡಿಸಿ, "ಊಟಕ್ಕೆ ಮುಂಚೆ ನನ್ನ ಬೆಳೆ ನೋಡಿ" ಎಂದು ಗ್ಯಾರೇಜಿನ ರಿಮೋಟ್ ಒತ್ತಿದೆ. ಬಾಗಿಲು ನಾಟಕದ ಪರದೆಯ ಹಾಗೆ ಮೇಲೇರಿತು.

ಅಕ್ಕನ ಟ್ರಾಲಿ ಬ್ಯಾಗು ಕೈಯಿಂದ ಜಾರಿತು.

"ಲೇ ಪಮ್ಯಾ. ನನ್ನ ಮನ್ಯಾಗ ಗಾಂಜಾ ಬೆಳದೀಯೇನಲೇ?"

"ಗಾಂಜಾ? ಎಲ್ಲಿ?" ಎಂದು ನಾನು ಹಿಂದೆ ತಿರುಗಿ ನೋಡಿದೆ.

ಅಕ್ಕ ತುದಿಯ ಒಂದು ಎಲೆ ಹಿಡಿದು ನೋಡಿದಳು, ಮೂಸಿದಳು, ಬಾಯಿಗೆ ಹಾಕಿಕೊಂಡಳು. ಡ್ಯಾರೆಲ್ ಕಾಳಜಿಯಿಂದ, "ಹಾಗೇ ತಿಂದರೆ ಏನೂ ಆಗಲ್ಲ, ಬೆಣ್ಣೆಯಲ್ಲಿ ಕಾಯಿಸಬೇಕು" ಎಂದರು. ಅಕ್ಕನ ಮುಖ ಹುಳಿಗೆ ಕಿವುಚಿಕೊಂಡಿತು.

"ಅಯ್ಯ ಇವನ, ಪುಂಡಿಪಲ್ಯೆ ಐತಲ್ಲೋ ಇದು" ಎಂದವಳು ಡ್ಯಾರೆಲ್ ಕಡೆ ತಿರುಗಿ ಅವರ ಭಾಷೆಯಲ್ಲಿ ಹೇಳಿದಳು. "ಇದು ಸೊಪ್ಪು. ತರಕಾರಿ. ಪಾಲಕ್ ಇದ್ದ ಹಾಗೆ."

"ಪಾಲಕ್?"

"ಪಾಲಕ್."

ಡ್ಯಾರೆಲ್ ಗ್ಯಾರೇಜಿನೊಳಗೆ ಬಂದರು. ಕಣ್ಣಿಗೆ ತೀರ ಹತ್ತಿರ ಹಿಡಿದು ಒಂದು ಒಣ ಮೊಗ್ಗನ್ನು ನೋಡಿದರು. ಬೇಲಿಯಾಚೆಯಿಂದ ಕಾಣದ್ದು ಈಗ ಕಂಡಿತು. ನಾನು ಅವರನ್ನು ನೋಡಿದೆ. ಹೆಣ್ಣು, ಗಂಡು, ವಾಸನೆ, ಅಜ್ಜಿ, ಎಲ್ಲವೂ ಸಾಲಾಗಿ ನನ್ನ ತಲೆಯೊಳಗೆ ಬಂದು ಕೂತವು.

"ಹಾಗಾದರೆ ನನ್ನ ಮೊಣಕಾಲು?" ಎಂದರು ಡ್ಯಾರೆಲ್.

"ಕಬ್ಬಿಣಾಂಶ..." ಎಂದು ನಾನು ಶುರುಮಾಡಿದೆ. ಅಕ್ಕ ನನ್ನ ಕಾಲು ತುಳಿದಳು.

"ಊಟಕ್ಕೆ ಇನ್ನೊಂದು ದಿನ ಬರ್ತೀನಿ ಮೇಟ್" ಎಂದು ಡ್ಯಾರೆಲ್ ಬಾಟಲಿಯನ್ನು ನನ್ನ ಕೈಗಿಟ್ಟರು. ನೆಟ್ಟಗೆ ಬಂದವರು ಕುಂಟುತ್ತ ಹೋದರು.

ಅಕ್ಕ ಸಂಜೆವರೆಗೂ ಬೈದಳು. "ಯಾರರ ಪೊಲೀಸರಿಗೆ ಹೇಳಿದ್ರ ಇಲ್ಲೇ ಉಳಿಯೂ ನಿನ್ನ ಪಿಆರ್ ವೀಸಾದ ಗತಿ ಏನಾಗ್ತಿತ್ತು? ಪುಂಡಿ ಅಂತ ಅವರಿಗೆ ರೊಟ್ಟಿ ಜೋಡಿ ತಿನ್ಸಿ ತೋರಸ್ತಿದ್ದೇನು?" ಉಳಿದ ತುದಿ ಎಲೆಗಳನ್ನು ಕುದಿಸಿ ನೋಡಿದಳು. ಕುಕ್ಕರ್ ಎಷ್ಟು ಕೂಗಿದರೂ ಅವು ಮೆತ್ತಗಾಗಲಿಲ್ಲ. ಬಾಯಲ್ಲಿ ಗೋಣಿಚೀಲ ಜಗಿದ ಹಾಗಾಯಿತು. "ಪಲ್ಯೆ ಆಗಂಗಿಲ್ಲ ಇದು. ನಾರು ತಗದು ಹಗ್ಗ ಹೊಸಿ" ಎಂದಳು. ಮರುದಿನ ಸಿಡ್ನಿಗೆ ಹೋದಳು.

ಬೇಲಿಯ ಮೇಲೆ ತಲೆ ಮತ್ತೆ ಮೂಡಲಿಲ್ಲ. ಡ್ಯಾರೆಲ್‌ಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ನಾಚಿಕೆಯಿತ್ತು ಎನಿಸುತ್ತದೆ. ನನಗೂ ಇತ್ತು. ಒಂದು ಚೀಲ ಸೊಪ್ಪಿನಿಂದ ಒಬ್ಬರ ಮೊಣಕಾಲು ಗುಣಪಡಿಸಿ, ಒಂದು ನಿಜದಿಂದ ಅದನ್ನು ಕೆಡಿಸಿದ ವೈದ್ಯ ನಾನು. ಬಿನ್ ಹಾಕುವ ಸಂಜೆ ಈಗ ಅವರ ಬಿನ್ನನ್ನೂ ನಾನೇ ರಸ್ತೆಗೆ ಎಳೆದು ಇಡುತ್ತೇನೆ. ಅವರು ಕಿಟಕಿಯಿಂದ ಕೈ ಎತ್ತುತ್ತಾರೆ. ನಾನೂ ಎತ್ತುತ್ತೇನೆ.

ಹರಿದ ಪ್ಲಾಸ್ಟಿಕ್ಕನ್ನು ಕುರ್ಚಿಗೆ ಮತ್ತೆ ಹಾಕಲು ಬರುವುದಿಲ್ಲ. ಧೂಳು ಕೂರಬಾರದಲ್ಲ, ಅದಕ್ಕೆ ಆರೂ ಕುರ್ಚಿಗಳಲ್ಲಿ ಪಾಳಿಯ ಪ್ರಕಾರ ನಾನೇ ಕೂತು ಊಟ ಮಾಡುತ್ತೇನೆ.

ಚಳಿಗಾಲ ಬರುತ್ತಿದೆ. ಹಿತ್ತಲಲ್ಲಿ ಕೊತ್ತಂಬರಿ ಹಾಕಿದ್ದೇನೆ. ಬಹಳ ಸೊಗಸಾಗಿ ಬಂದಿದೆ. ಕೊತ್ತಂಬರಿಯನ್ನು ನೋಡಲು ಬೇಲಿಯಾಚೆಯಿಂದ ಯಾರೂ ಇಣುಕುವುದಿಲ್ಲ.