ನಮ್ಮ ಮನೆಯ ನೀರಿನ ವಾಲ್

ಸ್ವಂತ ಮನೆ ಮಾಡಿಕೊಂಡವರಿಗೆಲ್ಲ ಆ ಮನೆಯ ಬಗ್ಗೆ ತಮಗೆ ಪೂರ್ತಿ ಗೊತ್ತಿದೆ ಎಂಬ ಧೈರ್ಯವೊಂದು ಇರುತ್ತದೆ. ನನಗಂತೂ ಅದು ಸ್ವಲ್ಪ ಹೆಚ್ಚೇ ಇತ್ತು. ಯಾವ ಕಿಟಕಿಯ ಚಿಲಕ ಸಡಿಲ, ಯಾವ ಮೂಲೆಯಿಂದ ಇರುವೆ ಹೊರಡುತ್ತದೆ, ಕರೆಂಟು ಹೋದಾಗ ಮೇಣದಬತ್ತಿ ಎಲ್ಲಿ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಮೇಲಾಗಿ ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಕೃಷ್ಣೆ ಎಲ್ಲಿ ಹುಟ್ಟುತ್ತಾಳೆ, ಭೀಮೆ ಎಲ್ಲಿ ಬಂದು ಅವಳನ್ನು ಸೇರುತ್ತಾಳೆ ಎಂದು ನಕ್ಷೆಯ ಮೇಲೆ ಕೋಲಿಟ್ಟು ತೋರಿಸಬಲ್ಲೆ. ಆದರೆ ಆ ನೀರು ನಮ್ಮ ಅಂಗಳಕ್ಕೆ ಯಾವ ದಾರಿಯಿಂದ ಬರುತ್ತದೆ, ಬಂದದ್ದನ್ನು ಬೇಡವೆಂದರೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯಾವ ಪಠ್ಯಪುಸ್ತಕದವರೂ ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೋಟನೂರಿನ ನಮ್ಮ ಮನೆಯನ್ನು ನಾವು ಕೊಂಡದ್ದು ಚಂದ್ರಶಾಪ್ಪ ಎಂಬ ಹಿರಿಯರಿಂದ. ಅವರು ನೌಕರಿ ಮುಗಿಸಿ ಕಮಲಾಪುರಕ್ಕೆ ಹೋಗಿ ಕೆಂಪು ಬಾಳೆ ಬೆಳೆಯುತ್ತ ಕೂತಿದ್ದಾರೆ. ಒಂದು ದಿನ ಪ್ರೀತಿಯಿಂದ ನಮಗೊಂದು ಬಾಳೆಯ ಕಂದು ಕಳಿಸಿದರು. ಆ ಬಾಳೆ ಕಮಲಾಪುರದ ಮಣ್ಣು ಬಿಟ್ಟು ಬೇರೆಲ್ಲೂ ಸರಿಯಾಗಿ ಬರುವುದಿಲ್ಲ ಎಂದು ಜನ ಹೇಳುತ್ತಾರೆ. ಮಣ್ಣಿನ ವಿಧಗಳ ಪಾಠ ಮಾಡುವ ನನ್ನ ಮುಂದೆ ಹೀಗೆಲ್ಲ ಹೇಳಬಾರದು. ಭಾನುವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ ಗುದ್ದಲಿ ಹಿಡಿದೆ. ನನ್ನ ಯಜಮಾನರು ಬಸವರಾಜ, ಶಾಂತ ಸ್ವಭಾವದವರು, ಪೇಪರಿನ ಮರೆಯಿಂದಲೇ, "ನಿಧಾನ, ಕೆಳಗ ಏನರ ಇದ್ದೀತು" ಎಂದರು. "ಕೆಳಗ ಕರಿ ಮಣ್ಣದ, ಅದರ ಕೆಳಗ ಕಲ್ಲದ" ಎಂದು ನಾನು ಪಾಠ ಒಪ್ಪಿಸಿ, ಗುದ್ದಲಿ ಎತ್ತಿ ಹಾಕಿದೆ.

ಕೆಳಗೆ ಪೈಪಿತ್ತು. ಅವತ್ತೇ ನೀರು ಬಿಡುವ ದಿನವೂ ಆಗಿತ್ತು.

ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಓಣಿಯ ಸಮಸ್ತ ಕೊಡ, ಬಕೆಟ್ಟು, ಪಾತೇಲಿಗಳು ಸಾಲಾಗಿ ಕೂತು ಕಾಯುತ್ತವೆ. ಅಂಥ ಅಮೂಲ್ಯ ನೀರು ನಮ್ಮ ಅಂಗಳದಿಂದ ಬೇವಿನ ಮರದ ಎತ್ತರಕ್ಕೆ ಜಿಗಿಯಿತು. ಇಷ್ಟು ವರ್ಷ ದಾರದಷ್ಟು ಸಣ್ಣಗೆ ಇಳಿಯುತ್ತಿದ್ದ ನೀರಿಗೆ ಇಷ್ಟೊಂದು ಉತ್ಸಾಹ ಎಲ್ಲಿತ್ತೋ! "ಏ, ಭಾರಿ ಫೋರ್ಸ್ ಅದಲ್ಲ!" ಎಂದು ಯಜಮಾನರು ಮೊದಲ ಬಾರಿಗೆ ಪೇಪರು ಕೆಳಗಿಟ್ಟರು. ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯ ಕಾಶೀಬಾಯಿಯ ದನಿ ಬಂತು. "ಟೀಚರ, ನಮ್ಮ ನಳಕ್ಕ ನೀರು ಬರೇ ಹನಿ ಹನಿ ನೋಡ್ರಿ. ನಿಮ್ಮಲ್ಲಿ ಬರಾಕತ್ತಾವೇನು?"

ತಲೆಯಿಂದ ಕಾಲಿನವರೆಗೆ ತೊಯ್ದು ನಿಂತಿದ್ದ ನಾನು, "ಬರಾಕತ್ತಾವ್ರೀ" ಎಂದೆ. ಸುಳ್ಳು ಹೇಳುವ ಸ್ಥಿತಿಯಲ್ಲಿರಲಿಲ್ಲ.

ಕಾಶೀಬಾಯಿ ಗೋಡೆಯ ಮೇಲಿಂದ ಇಣುಕಿ ಎದೆ ಹಿಡಿದುಕೊಂಡರು. "ಅಯ್ಯ ನಿಮ್ಮ! ಮೊದಲ ವಾಲ್ ಬಂದ್ ಮಾಡ್ರಿ!"

"ವಾಲ್ ಎಲ್ಲ್ಯಾದರೀ?"

"ನಿಮ್ಮ ಮನಿ ವಾಲ್ ನನಗೇನ್ ಗೊತ್ತು?"

ಯಜಮಾನರು ಹಳೆಯ ಸೈಕಲ್ ಟ್ಯೂಬನ್ನು ತಂದು ಪೈಪಿಗೆ ಸುತ್ತಿ, ಅದರ ಮೇಲೆ ಹಿಮ್ಮಡಿ ಒತ್ತಿಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಓಣಿಯಲ್ಲಿ ಹೋಗುವವರು, "ಯಾಕ್ರೀ ಸಾಹೇಬರ, ಬಿಸಲಾಗ ಹಿಂಗ ಕುಂತೀರಿ?" ಎಂದರೆ, "ಕಾಲು ತಂಪು ಮಾಡಾಕತ್ತೀನ್ರಿ" ಎನ್ನುತ್ತಿದ್ದರು. ನೀರು ಬಿಡುವವರು ತಾವಾಗಿ ನಿಲ್ಲಿಸುವವರೆಗೂ ಆ ಹಿಮ್ಮಡಿ ಕದಲಲಿಲ್ಲ. ಆದರೂ ಅರ್ಧ ನೀರು ಹರಿದುಹೋಗಿತ್ತು. ಖಾಲಿ ಕೊಡ ಹಿಡಿದ ಹೆಂಗಸರೆಲ್ಲ ನಮ್ಮ ಗೇಟಿನ ಮುಂದೆ ಒಂದು ಕ್ಷಣ ನಿಂತು, ಕೊಡ ಬೋರಲು ಮಾಡಿ ತೋರಿಸಿ ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪೈಪು ಜೋಡಿಸುವವನಿಗೆ ಫೋನ್ ಮಾಡಿದರೆ ಆತ ತಂಗಿಯ ಮದುವೆಗೆ ಊರಿಗೆ ಹೋಗಿದ್ದ. ಅವನು ಬರುವುದರೊಳಗೆ ಮತ್ತೊಮ್ಮೆ ನೀರು ಬಿಡುತ್ತಾರೆ. ಅಂದರೆ ಅಷ್ಟರೊಳಗೆ ವಾಲ್ ಸಿಗದಿದ್ದರೆ ನಾವು ಓಣಿ ಬಿಡುವುದೇ ಸರಿ.

ಹುಡುಕಿದೆವು. ಅಂಗಳದಲ್ಲಿ ಕಂಡ ಮುಚ್ಚಳವನ್ನೆಲ್ಲ ಎತ್ತಿದೆವು. ಮೊದಲನೆಯದು ಕಕ್ಕಸಿನ ಗುಂಡಿ. ಅದನ್ನು ಎತ್ತಿದಷ್ಟೇ ವೇಗದಲ್ಲಿ ಮುಚ್ಚಿದೆವು. ಇನ್ನೊಂದು ಕರೆಂಟಿನ ಅರ್ಥಿಂಗ್. ಮತ್ತೊಂದು ಕಡೆ ದುಂಡಗಿನ ಕಬ್ಬಿಣ ಕಂಡಿತೆಂದು ಯಜಮಾನರು ಪಾನಾ ಹಾಕಿ ತಿರುವಿದರೆ ಅದು ಬಣ್ಣದ ಡಬ್ಬಿಯ ತಳ, ಎದ್ದು ಕೈಗೇ ಬಂತು. ಕೊನೆಗೆ ಕಮಲಾಪುರಕ್ಕೆ ಫೋನ್ ಮಾಡಿದೆ.

"ವಾಲ್ ಏನ್ರೀ? ನಾನೇ ನಿಂತು ಹಾಕ್ಸೀನಿ!" ಚಂದ್ರಶಾಪ್ಪನವರ ದನಿಯಲ್ಲಿ ಹುರುಪು. "ಗೇಟಿನಿಂದ ಒಳಗ ಬರ್ರಿ. ಮಲ್ಲಿಗಿ ಬಳ್ಳಿ ಎಡಕ್ಕ ಬಿಡ್ರಿ. ಎಮ್ಮಿ ನೀರು ಕುಡಿಯೋ ಕಲ್ಲಿನ ಡೋಣಿ ಬಲಕ್ಕ ಬಿಡ್ರಿ…"

"ಮಲ್ಲಿಗಿ ಬಳ್ಳಿ ತೆಗಸೀವ್ರಿ. ಡೋಣಿನೂ ಇಲ್ಲ. ಗೇಟ್ ಈಗ ಆ ಕಡಿಗಿ ಹೋಗ್ಯಾದ."

"ಮನಿಯರ ಅದನೋ ಇಲ್ಲೋ?" ಎಂದರು.

ಫೋನಿನಲ್ಲಿ ಬಗೆಹರಿಯುವ ಮಾತಲ್ಲವೆಂದು ಬಸ್ಸು ಹತ್ತಿ ಕಮಲಾಪುರಕ್ಕೇ ಹೋದೆ. ಅವರು ತೋಟದಲ್ಲಿದ್ದರು. ವಾಲ್ ಎಂದು ಬಾಯಿ ತೆರೆದಾಗಲೆಲ್ಲ ಒಂದೊಂದು ಬಾಳೆಹಣ್ಣು ಕೈಗಿಟ್ಟರು. ಪ್ರತಿ ಗಿಡದ ಪರಿಚಯವಾಯಿತು. ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿಯ ಊಟವಾಯಿತು. ಊಟದ ಮೇಲೆ ಅವರು ಹಾಯಾಗಿ ಒರಗಿ, "ಅಂದಂಗ, ಬಂದದ್ದು ಯಾಕಂತ ಹೇಳಲಿಲ್ಲಲ್ಲ ಟೀಚರ?" ಎಂದು ಕೇಳಿದರು. ನಾನು ಇನ್ನು ಮಾತು ಬೆಳೆಸದೆ ಅವರನ್ನೇ ಬಸ್ಸು ಹತ್ತಿಸಿಕೊಂಡು ಕರೆತಂದೆ. ಮಡಿಲಲ್ಲಿ ಒಂದು ಗೊನೆಯನ್ನೂ ಇಟ್ಟುಕೊಂಡು ಬಂದರು.

ನಮ್ಮ ಅಂಗಳದಲ್ಲಿ ನಿಂತು ಅವರು ಕಣ್ಣು ಮುಚ್ಚಿದರು. ಕಣ್ಣು ತೆರೆದರೆ ಈಗಿನ ಮನೆ ಕಾಣುತ್ತದಂತೆ, ಮುಚ್ಚಿದರೆ ಹಳೆಯ ಮನೆ. ಹಾಗೇ ಎಡಕ್ಕೆ ನಡೆದರು, ಬಲಕ್ಕೆ ತಿರುಗಿದರು, ನನ್ನ ಸ್ಕೂಟಿಗೆ ಡಿಕ್ಕಿ ಹೊಡೆದರು, ಅದನ್ನು ಎಮ್ಮೆಯೆಂಬಂತೆ ಪಕ್ಕಕ್ಕೆ ತಳ್ಳಿ, ಕಾಲು ಕುಟ್ಟಿ, "ಇಲ್ಲೇ!" ಎಂದರು. ಅದು ಯಜಮಾನರು ಅಂಗಡಿ ಅಂಗಡಿ ಅಲೆದು ಆರಿಸಿ ತಂದು ಹಾಸಿದ ಹೊಸ ಟೈಲ್ಸು. ಅವರ ಮುಖ ನೋಡಲಾಗಲಿಲ್ಲ. ಮೊದಲ ಪೆಟ್ಟನ್ನು ಯಜಮಾನರೇ ಹಾಕಿದರು, ಬೇರೆಯವರು ಒಡೆಯುವುದನ್ನು ನೋಡಲಾರೆನೆಂದು. ಟೈಲ್ಸಿನ ಕೆಳಗೆ ನಿಜವಾಗಿಯೂ ಒಂದು ವಾಲ್ ಇತ್ತು! ತುಕ್ಕು ಹಿಡಿದು ಹಠ ಮಾಡಿದ್ದಕ್ಕೆ ಎಣ್ಣೆ ಕುಡಿಸಿ, ಬಿಗಿಯಾಗಿ ಬಂದ್ ಮಾಡಿದೆವು. ಚಂದ್ರಶಾಪ್ಪನವರು ಚಹಾ ಕುಡಿದು ಗೆದ್ದ ಪೈಲ್ವಾನರಂತೆ ಬಸ್ಸು ಹತ್ತಿದರು. ನಾನು ಓಣಿಯ ತುಂಬ ಅವರು ತಂದ ಬಾಳೆಹಣ್ಣು ಹಂಚಿ, "ವಾಲ್ ಸಿಕ್ಕದ್ರಿ, ಇನ್ನ ಚಿಂತಿ ಇಲ್ಲ" ಎಂದು ಸಾರಿ ಬಂದೆ.

ಮುಂದಿನ ಸಲ ನೀರು ಬಿಟ್ಟಾಗ ಇಸ್ತ್ರಿ ಸೀರೆ ಉಟ್ಟು ಪೈಪಿನ ಪಕ್ಕದಲ್ಲೇ ನಿಂತೆ, ಓಣಿಯವರಿಗೆ ಕಾಣಲೆಂದು. ಸೈಕಲ್ ಟ್ಯೂಬು ಮೆಲ್ಲಗೆ ಉಬ್ಬತೊಡಗಿತು. ಗಾಳಿಯಿರಬೇಕು ಎಂದುಕೊಂಡೆ. ಪಟ್ಟೆಂದು ಬಿಚ್ಚಿ ನೀರು ನನ್ನ ಮುಖಕ್ಕೇ ಅಪ್ಪಳಿಸಿತು. ಅದೇ ಹೊತ್ತಿಗೆ ಗೋಡೆಯಾಚೆಯಿಂದ, "ಟೀಚರ, ನಮ್ಮ ನಳ ಗೊರಗೊರ ಅಂದು ಸುಮ್ಮಾಯ್ತು ನೋಡ್ರಿ!" ಎಂದು ಕೂಗು.

ನಾನೂ ಯಜಮಾನರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ಓಡಿಹೋಗಿ ವಾಲ್ ಬಿಚ್ಚಿದರು. "ಬಂದ್ವು, ಬಂದ್ವು!" ಎಂದರು ಕಾಶೀಬಾಯಿ. ಮತ್ತೆ ತಿರುವಿದರು. "ಹೋದ್ವು!" ನಮ್ಮ ಕಾರಂಜಿ ಮಾತ್ರ ಒಂದಿಂಚೂ ತಗ್ಗಲಿಲ್ಲ. ತೊಯ್ದ ಕೈಯಿಂದಲೇ ಕಮಲಾಪುರಕ್ಕೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಹೌದಲ್ಲ!" ಎಂದರು ಚಂದ್ರಶಾಪ್ಪ. "ಎರಡೂ ಪ್ಲಾಟ್ ಆಗ ನಮ್ಮವೇ ಇದ್ವು ನೋಡ್ರಿ. ನಡುವ ಗ್ವಾಡಿ ಇರಲಿಲ್ಲ. ಆ ಕಡಿ ನಳದ ವಾಲ್ ಈ ಕಡಿ, ಈ ಕಡೀದು ಆ ಕಡಿ. ಆಗ ಏನೂ ತ್ರಾಸ ಇರಲಿಲ್ಲ ಬಿಡ್ರಿ."

ಗೋಡೆಯ ಮೇಲಿಂದ ಇಷ್ಟೂ ಕೇಳಿಸಿಕೊಂಡ ಕಾಶೀಬಾಯಿ ತಮ್ಮ ಬಟ್ಟೆ ಒಗೆಯುವ ಕಲ್ಲಿನ ಕಡೆ ತಿರುಗಿದರು. "ಕಲ್ಲಿನ ಬಾಜೂಕ ಒಂದು ತಗಡು ಅದರೀ. ಅದರ ಮ್ಯಾಲ ಸಾಬಾಣ ಇಡ್ತೀನಿ" ಎನ್ನುತ್ತ ಸಾಬೂನು ಎತ್ತಿ, ತಗಡು ಸರಿಸಿ, ಬಗ್ಗಿ ಏನನ್ನೋ ತಿರುವಿದರು. ನಮ್ಮ ಕಾರಂಜಿ ನಿಟ್ಟುಸಿರಿಟ್ಟು ಮಲಗಿತು. ಓಣಿಯ ಕೊಡಗಳೆಲ್ಲ ಅವತ್ತು ತುಂಬಿದವು.

ಪೈಪು ಜೋಡಿಸುವವನು ಊರಿಂದ ಬಂದು ಒಡೆದದ್ದನ್ನು ಸರಿಮಾಡಿದ. ವಾಲ್‌ಗಳನ್ನು ಅದಲುಬದಲು ಮಾಡಬೇಕಾದರೆ ಎರಡೂ ಅಂಗಳ ಅಗೆಯಬೇಕು ಎಂದ. ಎರಡೂ ಮನೆಯ ಗಂಡಸರು ತಮ್ಮ ತಮ್ಮ ನೆಲ ನೋಡಿಕೊಂಡು, ಇರಲಿ ಬಿಡು ಎಂದರು. ಹೀಗಾಗಿ ಅವರ ನೀರು ನಮ್ಮ ಕೈಯಲ್ಲಿ, ನಮ್ಮ ನೀರು ಅವರ ಕೈಯಲ್ಲಿ. ಹಾಗಾದರೆ ಇಬ್ಬರದೂ ಸಮವಲ್ಲವೇ ಎಂದು ನೀವು ಕೇಳಬಹುದು. ಸಮವಲ್ಲ. ನಮ್ಮ ಕೈಯಲ್ಲಿರುವ ವಾಲನ್ನು ತಿರುವಲು ಯಜಮಾನರು ಬೇಕು, ಪಾನಾ ಬೇಕು, ಎಣ್ಣೆ ಬೇಕು. ಕಾಶೀಬಾಯಿಗೆ ಸಾಬೂನು ಎತ್ತಿದರೆ ಸಾಕು.

ಮೊನ್ನೆ ಅವರು ನಮ್ಮಿಬ್ಬರ ನಡುವಿನ ಗೋಡೆಯ ಉದ್ದಕ್ಕೂ ಮೆಣಸಿನಕಾಯಿ ಒಣಹಾಕಿದ್ದರು. ಘಾಟಿಗೆ ಸೀನಿ ಸೀನಿ ಸಾಕಾಗಿ, ಎರಡು ಮಾತು ಅಂದೇಬಿಡೋಣವೆಂದು ಹೊರಗೆ ಬಂದೆ. ಅವರು ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ, "ಟೀಚರ, ಇವತ್ತ ನೀರು ಬಿಡೋ ದಿನ ಅಲ್ಲೇನ್ರೀ?" ಎಂದರು. ಪಾಪ, ಸಹಜವಾಗಿಯೇ ಕೇಳಿದ್ದಿರಬೇಕು.

"ಹೌದ್ರೀ" ಎಂದೆ. ಆಮೇಲೆ ಮೂಗಿಗೆ ಸೆರಗು ಹಿಡಿದುಕೊಂಡು, ನಮ್ಮ ಕಡೆಯ ಮೆಣಸಿನಕಾಯಿಗಳನ್ನು ಒಂದೊಂದಾಗಿ ಹೊರಳಿಸಿ ಹಾಕಿ ಒಳಗೆ ಬಂದೆ.