ಏನೂ ಗೊತ್ತಿಲ್ಲದವರು ಬೇಕಾಗಿದ್ದಾರೆ

ಭಾನುವಾರ ಮಧ್ಯಾಹ್ನ ಎರಡು ಗಂಟೆ. ಬಂಕಾಪುರದ ನೀಲಾಳ ಸಿಇಟಿ ಅರ್ಜಿ ಒಂದು ಓಟಿಪಿಗಾಗಿ ನಿಂತಿತ್ತು.

ಅರ್ಜಿ ಹಾಕಲು ಅಂದೇ ಕಡೆಯ ದಿನ. ಓಟಿಪಿ ಬರುವ ಮೊಬೈಲು ನೀಲಾಳ ಅಪ್ಪ ಮೈಲಾರಲಿಂಗನ ಅಂಗಿಯ ಕಿಸೆಯಲ್ಲಿತ್ತು. ಕಿಸೆಯ ಮೇಲೆ ಅವನ ಅಂಗೈ ಇತ್ತು. ಬೆಳಿಗ್ಗೆಯಿಂದ ಆ ಅಂಗೈ ಸರಿದಿರಲಿಲ್ಲ.

ತೊಡಕಿಗೆ ಕಾರಣ ನದೀಮ. ಬಸ್ ನಿಲ್ದಾಣದ ಹತ್ತಿರ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದ ಅವನು ಹಿಂದೊಮ್ಮೆ ನೀಟ್ ಪರೀಕ್ಷೆ ಬರೆದಿದ್ದ. ಮೂವತ್ತೆರಡು ಸರಿ, ನೂರಾ ನಲವತ್ತೆಂಟು ತಪ್ಪು. ಸರಿಗೆ ನಾಲ್ಕು ಕೂಡಿ, ತಪ್ಪಿಗೆ ಒಂದು ಕಳೆದು ಅವನಿಗೆ ಬಂದದ್ದು ಮೈನಸ್ ಇಪ್ಪತ್ತು. ಅಂದಿನಿಂದ ಊರಿಗೆ ಅವನು ಮೈನಸ್ ನದೀಮ. ಪಾಸಾದವರೆಲ್ಲ ಊರು ಬಿಟ್ಟು ಹೋಗಿದ್ದರಿಂದ ಪರೀಕ್ಷೆಗಳ ವಿಷಯದಲ್ಲಿ ಕೇಳಲು ಉಳಿದವನೂ ಅವನೊಬ್ಬನೇ.

ಆ ಬೆಳಿಗ್ಗೆ ಅರ್ಜಿ ತುಂಬುತ್ತ ತುಂಬುತ್ತ ಅವನು ಮೈಲಾರಲಿಂಗನ ಕಿವಿಯಲ್ಲಿ ಒಂದು ಮಾತು ಹಾಕಿದ್ದ: "ಕಾಕಾ, ಸಿಇಟಿಯೊಳಗೂ ಮೈನಸ್ ಇರತೈತಿ. ನನ್ನ ಹಣೇಬಾರ ನೋಡಿಯಲ್ಲ, ವಿಚಾರ ಮಾಡು."

ಮೈಲಾರಲಿಂಗ ವಿಚಾರ ಮಾಡಿದ. ಅಂಗೈ ಕಿಸೆಯ ಮೇಲೆ ಹೋಯಿತು.

"ಸೊನ್ನಿ ಬಂದ್ರ ತಡಕೋತೇನಿ," ಎಂದ. "ಸೊನ್ನಿ ಕೆಳಗ ಇಳಿಯೂದು ಬ್ಯಾಡ. ನಾಳೆ ಮಂದಿ ನನಗ ಮೈನಸ್ ಮೈಲಾರಲಿಂಗ ಅಂದ್ರ ಏನ್ ಮಾಡ್ಲಿ?"

ನೀಲಾಳಿಗೆ ಕೃಷಿ ಪದವಿ ಓದಬೇಕಿತ್ತು. ಅದಕ್ಕೆ ದಾರಿ ಸಿಇಟಿ ಒಂದೇ. ಅತ್ತು ಕೂರುವ ಹುಡುಗಿಯಲ್ಲ ಅವಳು. ಫಿಸಿಕ್ಸ್ ಮೇಷ್ಟ್ರು ಸಾಗರನಿಗೆ ಫೋನ್ ಮಾಡಿದಳು.

ಸಾಗರ ಶಿಗ್ಗಾಂವದ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಐದು ವರ್ಷ ಅತಿಥಿಯಾಗಿದ್ದರೂ ಒಮ್ಮೆಯೂ ಯಾರೂ ಉಪಚಾರ ಮಾಡಿರಲಿಲ್ಲ. ಆದರೆ ಪರೀಕ್ಷೆಯ ನಿಯಮಗಳಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅವನೇ ಹೇಳುತ್ತಿದ್ದ. ಸೋಮವಾರದ ಮಾದರಿ ಪರೀಕ್ಷೆಗೆಂದು ಝೆರಾಕ್ಸ್ ಮಾಡಿಸಿದ್ದ ಫಿಸಿಕ್ಸ್ ಪ್ರಶ್ನೆಪತ್ರಿಕೆ, ಓಎಂಆರ್ ಹಾಳೆಗಳ ಚೀಲವನ್ನು ಬೈಕಿಗೆ ನೇತುಹಾಕಿಕೊಂಡು ಬಂದವನೇ ಮೈಲಾರಲಿಂಗನ ಕಟ್ಟೆ ಹತ್ತಿದ.

"ಸಿಇಟಿ ಬ್ಯಾರೆ, ನೀಟ್ ಬ್ಯಾರೆ," ಎಂದು ಶುರುಮಾಡಿದ. "ಒಂದು ವಿಷಯಕ್ಕ ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ. ಸರಿ ಉತ್ತರಕ್ಕ ಒಂದು ಅಂಕ. ತಪ್ಪಾದ್ರ ಕಳಿಯೂದಿಲ್ಲ. ತಗೋರಿ, ಪುಸ್ತಿಕೆಯೊಳಗ ಅಚ್ಚು ಹಾಕ್ಯಾರ, ಓದ್ರಿ."

"ನಮ್ಮ ನೀಟ್ ಪುಸ್ತಿಕೆಯೊಳಗೂ ಏನೇನೋ ಅಚ್ಚು ಹಾಕಿದ್ರು ಸರ," ಎಂದ ನದೀಮ. ಚಹಾದ ವಾಸನೆಗೆ ಅವನೂ ಬಂದು ಕುಳಿತಿದ್ದ.

"ನೀ ಓದಿದ್ದೇನು?"

"ಓದಿದ್ರ ಮೈನಸ್ ಯಾಕ ಬರ್ತಿತ್ತ್ರಿ?"

ಸಾಗರನ ಮೂಗು ಕೆಂಪಾಯಿತು. "ಕೇಳ್ರಿ ಇಲ್ಲೆ. ಒಂದು ಪ್ರಶ್ನಿಗೆ ನಾಕು ಉತ್ತರ ಕೊಟ್ಟಿರ್ತಾರ. ಕಣ್ಣು ಮುಚ್ಚಿ ಒಂದೊಂದು ರೌಂಡ್ ತುಂಬಿದ್ರೂ ನಾಕರಾಗ ಒಂದು ಸರಿ ಬೀಳತೈತಿ. ಏನೂ ಗೊತ್ತಿಲ್ಲದವರಿಗೂ ಅರವತ್ತಕ್ಕ ಹದಿನೈದು ಬರ್ತಾವ. ಇನ್ನ ನೀಲಾ ಓದಿದ ಹುಡುಗಿ, ಸೊನ್ನಿ ಕೆಳಗ ಹೆಂಗ ಇಳೀತಾಳ್ರಿ?"

ಮೈಲಾರಲಿಂಗ ಸ್ವಲ್ಪ ಹೊತ್ತು ಮೀಸೆ ತಿರುವಿದ. "ಬಾಯಿ ಮಾತು ಬ್ಯಾಡ್ರಿ ಸರ. ಏನೂ ಗೊತ್ತಿಲ್ಲದ ಒಬ್ಬರು ಇದ ಕಟ್ಟಿ ಮ್ಯಾಲೆ ಕುಂತು ಹದಿನೈದು ತಗೊಂಡು ತೋರಸ್ಲಿ. ಆ ಕ್ಷಣಕ್ಕ ಓಟಿಪಿ ಕೊಡ್ತೇನಿ."

"ಆಗಲ್ರಿ! ಕರೀರಿ, ಯಾರನ್ನ ಕರೀತೀರಿ ಕರೀರಿ."

"ಐದಕ್ಕ ನನ್ನ ಅಂಗಡಿ ಬಂದ್," ಎಂದು ನದೀಮ ನೆನಪಿಸಿದ. "ಹುಲಗೂರಿಗೆ ಹೋಗಬೇಕು, ಮಾವನ ಮನ್ಯಾಗ ಕಾರ್ಯಾ ಐತಿ."

ಏನೂ ಗೊತ್ತಿಲ್ಲದವರನ್ನು ಹುಡುಕುವುದು ಬಂಕಾಪುರದಲ್ಲಿ ಸುಲಭವಲ್ಲ. ಕೂಗಿ ಕರೆದ ಮೂವರೂ ತಮಗೆ ಎಲ್ಲ ಗೊತ್ತಿದೆ ಎಂದು ಮುನಿಸಿಕೊಂಡು ಹೋದರು. ಕೊನೆಗೆ ಮೈಲಾರಲಿಂಗ ಪಡಸಾಲೆಯತ್ತ ಬೆರಳು ತೋರಿದ. ಅಲ್ಲಿ ಅವನ ತಾಯಿ ಶಿವಬಸವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

"ನಮ್ಮವ್ವ. ಸಾಲಿ ಮೆಟ್ಟಲಾ ಹತ್ತಿಲ್ಲ."

"ಏನೂ ಗೊತ್ತಿಲ್ಲದಾಕಿ ನಾನ ಅಂದ್ಯಾ?" ಶಿವಬಸವ್ವ ಮೆಣಸಿನಕಾಯಿಯ ಕೈಯನ್ನು ಸೆರಗಿಗೆ ಒರೆಸಿದಳು. "ನಿನ್ನ ಹಡದು ದೊಡ್ಡಾಂವ ಮಾಡಿದ್ದು ಏನೂ ಗೊತ್ತಿಲ್ದ ಮಾಡೀನೇನು? ತಾ ಆ ಪೆನ್ನು!"

ಅವಳ ಕೈಗೆ ಕಪ್ಪು ಬಾಲ್‌ಪೆನ್ನು, ಮುಂದೆ ಓಎಂಆರ್ ಹಾಳೆ. ಸಾಲಿಗೆ ನಾಲ್ಕು ವೃತ್ತ, ಅರವತ್ತು ಸಾಲು. ಒಂದು ಸಾಲಿಗೆ ಒಂದೇ ವೃತ್ತ ತುಂಬಬೇಕೆಂದು ಸಾಗರ ಮೂರು ಸಲ ಹೇಳಿದ. ಮುದುಕಿ ಮೂರು ಸಲವೂ ತಲೆಯಾಡಿಸಿದಳು.

"ಸರ, ನೀವೂ ಬರೀರಲ್ಲ," ಎಂದ ನದೀಮ. "ಗಾಡಿ ಕಲಸಾಂವ ಒಮ್ಮೆರ ಹೊಡದು ತೋರಸಬೇಕು."

ಕಟ್ಟೆಯ ಕೆಳಗೆ ಅಷ್ಟರಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಅಷ್ಟು ಜನರ ಮುಂದೆ ಸಾಗರ ಎಂದೂ ಹಿಂಜರಿದವನಲ್ಲ. ಅವನ ತರಗತಿಗೆ ಅಷ್ಟು ಜನ ಎಂದೂ ಬಂದಿರಲಿಲ್ಲ.

"ತಾ ಒಂದು ಹಾಳಿ. ಅರವತ್ತಕ್ಕ ಅರವತ್ತು ತೆಗೀತೇನಿ. ಅದೂ ಒಂದು ತಾಸಿನಾಗ."

ಎರಡು ಐವತ್ತಕ್ಕೆ ಪರೀಕ್ಷೆ ಶುರುವಾಯಿತು. ಮೊದಲನೆಯ ಪ್ರಶ್ನೆಯ ಚಿತ್ರವನ್ನು ಝೆರಾಕ್ಸ್ ಯಂತ್ರ ಮಸಿಯ ಮುದ್ದೆ ಮಾಡಿತ್ತು. ಸಾಗರ ನೀಲಾಳತ್ತ ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡವಾ, ತೊಡಕಿನ ಪ್ರಶ್ನಿ ಬಂದ್ರ ಅಲ್ಲೇ ಕುಂದ್ರಬಾರದು. ಬಿಟ್ಟು ಮುಂದ ಹೋಗಬೇಕು." ಬಿಟ್ಟು ಮುಂದೆ ಹೋದ. ಹಾಳೆಯ ಮೇಲ್ತುದಿಯಿಂದ ಸಾಲು ಸಾಲಾಗಿ ವೃತ್ತಗಳು ಕಪ್ಪಾಗತೊಡಗಿದವು.

ಇತ್ತ ಶಿವಬಸವ್ವನ ಸುತ್ತ ಸಲಹೆಗಾರರ ಸಂತೆ. ಎಡಗಡೆಯದು ತುಂಬು ಎಂದು ಒಬ್ಬರು, ಎಡ ಅಪಶಕುನ ಎಂದು ಇನ್ನೊಬ್ಬರು. ನದೀಮ ಅವಳ ಕಿವಿಗೆ ಬಾಗಿದ: "ಆಯಿ, ತಪ್ಪಾದ್ರ ಕಳಿಯೂದಿಲ್ಲ ಅಂತ ಸರ ಅವರ ಬಾಯಿಲೇ ಹೇಳ್ಯಾರ. ಹಂಗಾದ್ರ ನಾಕೂ ತುಂಬು. ನಾಕರಾಗ ಒಂದಂತೂ ಸರಿ ಇರಾಕಬೇಕಲ್ಲ?"

"ನಾನೂ ಅದನ್ನ ಅನಕೊಂಡಿದ್ದೆ ಬಿಡೊ," ಎಂದಳು ಮುದುಕಿ. "ಒಂದು ತುಂಬಿ ಮೂರು ಬೋಳ ಬಿಟ್ರ ಕಣ್ಣಿಗೆ ಚಂದ ಕಾಣಂಗಿಲ್ಲ."

ಸಾಗರನಿಗೆ ಇದ್ಯಾವುದೂ ಕೇಳಲಿಲ್ಲ. ಅವನು ಪ್ರಶ್ನೆಪತ್ರಿಕೆಯ ಮೇಲೆ ಕೊಕ್ಕರೆಯಂತೆ ಕುತ್ತಿಗೆ ಬಾಗಿಸಿ, ಒಂದೊಂದು ಉತ್ತರವನ್ನೂ ಕುಕ್ಕಿ ತೆಗೆಯುತ್ತಿದ್ದ. ಐವತ್ತೆಂಟು ನಿಮಿಷಕ್ಕೆ ಪತ್ರಿಕೆ ಮುಗಿಯಿತು. ಹಾಳೆಯಲ್ಲಿ ಒಂದು ಸಾಲು ಖಾಲಿ ಉಳಿದಿತ್ತು. ಬಿಟ್ಟ ಪ್ರಶ್ನೆ ನೆನಪಾಯಿತು. ಮಸಿಯ ಮುದ್ದೆಯೊಳಗೆ ಲೆನ್ಸ್ ಒಂದನ್ನು ಊಹಿಸಿ, ಉತ್ತರ ಕಂಡುಕೊಂಡು, ಆ ಖಾಲಿ ಸಾಲನ್ನೂ ತುಂಬಿ, ಪೆನ್ನಿನ ಟೊಪ್ಪಿಗೆ ಟಪ್ಪೆಂದು ಹಾಕಿದ.

"ಅರವತ್ತಕ್ಕ ಅರವತ್ತು," ಎಂದ.

ನಾಲ್ಕು ಹತ್ತಕ್ಕೆ ನದೀಮ "ಟೈಮ್!" ಎಂದು ಕೂಗಿದ. ಸಾಗರನ ಚೀಲದಲ್ಲಿದ್ದ ಸರಿ ಉತ್ತರಗಳ ಪಟ್ಟಿ ಹಿಡಿದು ನೀಲಾ ಅಜ್ಜಿಯ ಹಾಳೆ ಎತ್ತಿಕೊಂಡಳು. ಇನ್ನೂರ ನಲವತ್ತು ವೃತ್ತ, ಇನ್ನೂರ ನಲವತ್ತೂ ಕಪ್ಪು. ಒಂದೂ ಗೆರೆ ದಾಟಿರಲಿಲ್ಲ.

ಸಾಗರ ಹಣೆ ಹಿಡಿದುಕೊಂಡ. "ಅಯ್ಯ, ಒಂದು ಸಾಲಿನಾಗ ಎರಡು ತುಂಬಿದ್ರೂ ಆ ಉತ್ತರ ಲೆಕ್ಕಕ್ಕಿಲ್ಲ! ಇದು ಸೊನ್ನಿ!"

"ಎಷ್ಟು ಚಂದ ತುಂಬೀನಿ, ಸೊನ್ನಿ ಅಂತಾನ," ಎಂದು ಶಿವಬಸವ್ವ ಮೆಣಸಿನಕಾಯಿಯ ಕಡೆಗೆ ಎದ್ದು ಹೋದಳು. "ಇಂಥವರ ಕೈಯಾಗ ಸಾಲಿ ಕೊಟ್ಟಾರ."

"ಆತಲ್ರಿ ಸರ," ಎಂದ ಮೈಲಾರಲಿಂಗ. "ನಿಮ್ಮ ಹದಿನೈದು ಎಲ್ಲಿ ಬಂತು?"

"ಇನ್ನೊಬ್ಬರನ್ನ ಕರೀರಿ, ಇನ್ನೊಮ್ಮೆ ಮಾಡೂಣು!"

"ಎಂಬತ್ತು ನಿಮಿಷ ಬೇಕು. ಐದಕ್ಕ ನನ್ನ ಅಂಗಡಿ ಬಂದ್," ಎಂದ ನದೀಮ.

"ಅಪ್ಪ, ಇನ್ನೊಂದು ಹಾಳಿ ಐತಿ," ಎಂದಳು ನೀಲಾ. "ಸರ್‌ದು."

ಮೊದಲ ಸಾಲು ತಪ್ಪು. ಎರಡನೆಯದು ತಪ್ಪು. ಮೂರನೆಯದು ಸರಿ. ನಾಲ್ಕು, ಐದು, ಆರು ತಪ್ಪು. ನೀಲಾಳ ದನಿ ಸಣ್ಣದಾಗುತ್ತ ಬಂತು, ಜನರ ದನಿ ದೊಡ್ಡದಾಗುತ್ತ ಬಂತು. ಅರವತ್ತೂ ಸಾಲು ಮುಗಿದಾಗ ಅವಳು ಎರಡು ಸಲ ಎಣಿಸಿ ಹೇಳಿದಳು: "ಹದಿನಾರು."

ಸಾಗರ ಹಾಳೆಯನ್ನು ಕಸಿದುಕೊಂಡ. ಬೆರಳಿಟ್ಟು ನೋಡಿದ. ಒಂದನೆಯ ಪ್ರಶ್ನೆ ಬಿಟ್ಟಿದ್ದ. ಒಂದನೆಯ ಸಾಲು ಬಿಟ್ಟಿರಲಿಲ್ಲ. ಎರಡನೆಯದರ ಉತ್ತರ ಒಂದನೆಯ ಸಾಲಿಗೆ, ಮೂರನೆಯದು ಎರಡನೆಯ ಸಾಲಿಗೆ, ಹೀಗೆ ಐವತ್ತೊಂಬತ್ತೂ ಪಕ್ಕದ ಮನೆಗೆ ಹೊಕ್ಕಿದ್ದವು. ಕೊನೆಗೆ ತುಂಬಿದ ಖಾಲಿ ಸಾಲು ಅರವತ್ತನೆಯದಾಗಿತ್ತು.

"ಸಾಲು ಸರದೈತಿ!" ಎಂದು ಕೂಗಿದ. "ನನಗ ಎಲ್ಲಾ ಬರತೈತಿ, ಒಂದೊಂದು ಮನಿ ಮ್ಯಾಲೆ..."

"ನಿಲ್ರಿ," ಎಂದ ಮೈಲಾರಲಿಂಗ. ಅವನ ಅಂಗೈ ಇನ್ನೂ ಕಿಸೆಯ ಮೇಲೇ ಇತ್ತು. "ನಮ್ಮ ಮಾತು ಏನಿತ್ತು? ಏನೂ ಗೊತ್ತಿಲ್ಲದವರು ಹದಿನೈದು ತಗೋಬೇಕು. ನಿಮಗ ಹದಿನಾರು ಬಂದಾವ. ನಿಮಗ ಎಲ್ಲಾ ಬರತೈತಿ ಅಂದ್ರ ಈ ಹದಿನಾರು ಲೆಕ್ಕಕ್ಕಿಲ್ಲ, ಅರ್ಜಿ ಇಲ್ಲೇ ನಿಲ್ಲತೈತಿ. ಏನೂ ಗೊತ್ತಿಲ್ಲ ಅಂದ್ರ ನಾ ಸೋತೆ, ಓಟಿಪಿ ಕೊಡ್ತೇನಿ. ನೀವ ಹೇಳ್ರಿ ಸರ. ಗೊತ್ತೈತೊ, ಇಲ್ಲೊ?"

ಸಾಗರ ಬಾಯಿ ತೆರೆದ. ಎಂ.ಎಸ್ಸಿ. ಪ್ರಥಮ ದರ್ಜೆ ನಾಲಿಗೆಯ ತುದಿಗೆ ಬಂದಿತ್ತು. ನೀಲಾ ಅವನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ ಅದು. ಬೆಳಿಗ್ಗೆಯಿಂದ ಅಪ್ಪನೆದುರು ನಿಂತಿದ್ದ ಅದೇ ನೋಟ.

"ನಾಕು ಮೂವತ್ತೈದು, ಸರ," ಎಂದಳು.

ಸಾಗರ ಬಾಯಿ ಮುಚ್ಚಿದ. ಮತ್ತೆ ತೆರೆದ. "ಗೊತ್ತಿಲ್ರಿ."

"ಹಿಂದ ನಿಂತವರಿಗೆ ಕೇಳವಲ್ದು," ಎಂದ ನದೀಮ.

ಸಾಗರ ಕಟ್ಟೆಯ ಮೇಲೆ ಎದ್ದು ನಿಂತ. ಎದೆ ಸೆಟೆಸಿ, ಬಹುಮಾನ ಗೆದ್ದವನಂತೆ, ಓಣಿಯ ಆ ತುದಿಗೂ ಮುಟ್ಟುವಂತೆ ಕೂಗಿದ: "ನನಗ ಫಿಸಿಕ್ಸ್‌ನಾಗ ಏನೂ ಗೊತ್ತಿಲ್ಲ! ಸಾಕಾತೇನು? ತಗೀರಿ ಮೊಬೈಲ್!"

ಊರ ಹಳೆಯ ಕೋಟೆಯ ಕಡೆಯಿಂದ ಒಂದು ನವಿಲು ಕೂಗಿತು. ಮೈಲಾರಲಿಂಗನ ಅಂಗೈ ಕಿಸೆಯಿಂದ ಸರಿಯಿತು.

"ಛಲೋ ಆತು," ಎಂದ ಅವನು ಮೊಬೈಲನ್ನು ಮಗಳ ಕೈಗಿಡುತ್ತ. "ಇವ್ರಿಗೇ ಹದಿನಾರು ಬಂದಾವಂದ್ರ, ನಿನಗ ಇಪ್ಪತ್ತರ ಬರ್ತಾವ. ಬರಿ ಹೋಗು."

ನಾಲ್ಕು ಐವತ್ತೆರಡಕ್ಕೆ ನದೀಮನ ಅಂಗಡಿಯಲ್ಲಿ ನೀಲಾಳ ಅರ್ಜಿ ಸಲ್ಲಿಕೆಯಾಯಿತು. ಶಟರ್ ಎಳೆಯುತ್ತ ನದೀಮ ಸಾಗರನ ಹೆಗಲು ತಟ್ಟಿದ. "ಬ್ಯಾಸರ ಮಾಡ್ಕೋಬ್ಯಾಡ್ರಿ ಸರ. ನನಕಿಂತ ಮೂವತ್ತಾರು ಹೆಚ್ಚು ಬಂದಾವ."

ಸೋಮವಾರ ಬೆಳಿಗ್ಗೆ ಶಿಗ್ಗಾಂವದಲ್ಲಿ ಸಾಗರ ತರಗತಿಯೊಳಗೆ ಕಾಲಿಟ್ಟಾಗ ಕರಿಹಲಗೆಯ ಮೇಲೆ ದೊಡ್ಡದಾಗಿ ೧೬ ಎಂದು ಬರೆದಿತ್ತು. ಅವನು ಅದನ್ನು ಒರೆಸಿ, ಮಾದರಿ ಪರೀಕ್ಷೆಯ ಹಾಳೆಗಳನ್ನು ಹಂಚಿದ.